ಎಷ್ಟು ಮಳೆಗಾಲ ಕಂಡ ಲ್ಯಾಪ್‌ಟಾಪ್? ಸೆಕೆಂಡ್‌ಹ್ಯಾಂಡ್ ಕೊಳ್ಳುವ ಕರಾವಳಿಯವರಿಗೊಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ಒಂದು ಜನವರಿಯಲ್ಲಿ, ಮಂಗಳೂರಿನ ಒಂದು ಅಂಗಡಿಯಿಂದ ಹಳೆ ಲ್ಯಾಪ್‌ಟಾಪ್ ತಂದಿದ್ದೆ. ಹೊರಗಿನಿಂದ ಫಳಫಳ. "ಎಂತದ್ದೂ ಪ್ರಾಬ್ಲೆಮ್ ಇಲ್ಲ ಮಾರಾಯ್ರೆ, ಕಂಡೀಶನ್ ಸೂಪರ್ ಉಂಟು" ಅಂದಿದ್ದರು ಅಂಗಡಿಯವರು. ಮೇ ತಿಂಗಳವರೆಗೆ ಅವರ ಮಾತು ನಿಜವೇ ಆಗಿತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು. ಜುಲೈಯಲ್ಲಿ ಕೀಬೋರ್ಡಿನ ಒಂದು ಸಾಲು ಸತ್ತಿತು. ಆಮೇಲೆ ಒಂದು ಯುಎಸ್‌ಬಿ ಪೋರ್ಟ್. ಆಮೇಲೆ ಒಂದು ಬೆಳಿಗ್ಗೆ ಆನ್ ಆಗಲೇ ಇಲ್ಲ. ರಿಪೇರಿಯವರು ಬಿಚ್ಚಿ ತೋರಿಸಿದರು. ಮದರ್‌ಬೋರ್ಡಿನ ಅಂಚಿಗೆ ಹಸಿರು ಕಿಲುಬು. ಅಟ್ಟದಲ್ಲಿಟ್ಟ ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಅದೇ. "ಇದು ಕಡಲ ಬದಿಯ ಮನೆಯಲ್ಲಿ ಇದ್ದ ಮಾಲು ಸರ್. ಕಿಲುಬು ನಿಮ್ಮಲ್ಲಿ ಶುರುವಾದದ್ದಲ್ಲ" ಅಂದರು.

ಅಂದಿನಿಂದ ಹಳೆ ಲ್ಯಾಪ್‌ಟಾಪ್ ನೋಡಲು ಹೋದಾಗ ನನ್ನ ಮೊದಲ ಪ್ರಶ್ನೆ ಬೇರೆ. ಯಾವ ವರ್ಷದ್ದು ಅಂತ ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು ಇದು ಕಳೆದ ಎರಡು ಮಳೆಗಾಲ ಎಲ್ಲಿ ಕಳೆಯಿತು ಅಂತ. ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಕಡಲ ಗಾಳಿಯಲ್ಲಿ ಉಪ್ಪು ಬೇರೆ. ಬೋರ್ಡಿನ ಮೇಲೆ ಕೂತ ಉಪ್ಪಿನ ಕಣ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆ ತೇವದ ಪೊರೆಯ ಮೇಲೆ ಕರೆಂಟ್ ಹರಿದರೆ ತಾಮ್ರ ನಿಧಾನಕ್ಕೆ ಕರಗುತ್ತಾ ಬರುತ್ತದೆ. ಬೇಸಿಗೆಯಲ್ಲಿ ಒಣಗಿ ಸುಮ್ಮನಿರುತ್ತದೆ, ಮಳೆಗಾಲದಲ್ಲಿ ಮತ್ತೆ ಎದ್ದು ಕೂರುತ್ತದೆ. ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಈ ವಿಷಯ ಸಾಮಾನ್ಯವಾಗಿ ಇರುವುದಿಲ್ಲ. ಅವರಿಗೆ ಅದರ ಅಗತ್ಯ ಇಲ್ಲ ಬಿಡಿ.

ಹೆಜ್ಜೆ 1: ಮನೆಯಲ್ಲೇ ಕೂತು ಕೆಲಸ ತೀರ್ಮಾನಿಸಿ

ಯಾರಿಗೆ, ಯಾವ ಕೆಲಸಕ್ಕೆ? ಬಿ.ಕಾಂ ಓದುವ ಮಗಳಿಗೆ ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸ್ ಅಂದರೆ ಹಳೆಯದು ಧಾರಾಳ ಸಾಕು. ಅಂಗಡಿ ಬಿಲ್ಲಿಂಗ್, ಕನ್ನಡ ಟೈಪಿಂಗ್, ಸಿನಿಮಾ ನೋಡುವುದು, ಇದಕ್ಕೂ ಸಾಕು. ವಿಡಿಯೋ ಎಡಿಟಿಂಗ್, ಹೊಸ ಗೇಮ್, ಇಂಜಿನಿಯರಿಂಗ್‌ನ ಭಾರೀ ಡಿಸೈನ್ ಸಾಫ್ಟ್‌ವೇರ್ ಅಂದರೆ ಇಲ್ಲಿಗೇ ನಿಲ್ಲಿಸಿ. ಹಳೆ ಗೇಮಿಂಗ್ ಲ್ಯಾಪ್‌ಟಾಪ್ ಅಂತೂ ಬೇಡವೇ ಬೇಡ. ಅದು ಬಿಸಿಯಲ್ಲಿ ಬೆಂದು ಬಂದಿರುತ್ತದೆ.

ಹೆಜ್ಜೆ 2: ಪ್ರೊಸೆಸರ್ ನಂಬರ್ ಓದಲು ಕಲಿಯಿರಿ

ಪ್ರೊಸೆಸರ್ ಅಂದರೆ ಲ್ಯಾಪ್‌ಟಾಪ್‌ನ ಮಿದುಳು. ಇಂಟೆಲ್ ಕಂಪನಿಯ "ಐ5 ಉಂಟು, ಐ7 ಉಂಟು" ಅಂತ ಮಾರುವವರು ಹೇಳುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಅದರ ಮುಂದಿನ ಅಂಕಿ ಕೇಳಿ. ಐ5-8250ಯು ಅಂದರೆ ಮೊದಲ ಅಂಕಿ 8, ಅದೇ ತಲೆಮಾರು (ಜನರೇಶನ್). ಐ5-6300ಯು ಆರನೇ ತಲೆಮಾರು. ಐ5-1135ಜಿ7 ಅಂದರೆ ಮೊದಲ ಎರಡು ಅಂಕಿ ಹಿಡಿದು ಹನ್ನೊಂದನೆಯದು.

ಇಲ್ಲಿ ಎಂಟು ಅನ್ನುವುದು ಒಂದು ಗಡಿ, ಅದಕ್ಕೆ ಎರಡು ಕಾರಣ. ಒಂದು, ಇಂಟೆಲ್‌ನ ಏಳನೇ ತಲೆಮಾರಿನವರೆಗೆ ತೆಳು ಲ್ಯಾಪ್‌ಟಾಪ್‌ಗಳ 'ಯು' ಪ್ರೊಸೆಸರ್‌ಗಳಲ್ಲಿ ಎರಡೇ ಕೋರ್ (ಕೆಲಸ ಮಾಡುವ ಘಟಕ) ಇರುತ್ತಿದ್ದವು. ಎಂಟನೆಯದರಲ್ಲಿ ಐ5, ಐ7 ಎರಡಕ್ಕೂ ನಾಲ್ಕು ಬಂದವು. ಹಾಗಾಗಿ ಏಳನೇ ತಲೆಮಾರಿನ ಐ7-7500ಯು ಗಿಂತ ಎಂಟನೆಯದರ ಐ5-8250ಯು ಗಟ್ಟಿ. ಹೆಸರು ನೋಡಿ ಐ7ಗೆ ಜಾಸ್ತಿ ದುಡ್ಡು ಕೊಟ್ಟವರು ಎಷ್ಟೋ ಮಂದಿ ಇದ್ದಾರೆ.

ಇನ್ನೊಂದು ಕಾರಣ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು, ಮತ್ತು ಬೆರಳೆಣಿಕೆಯ ಅಪವಾದ ಬಿಟ್ಟರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ನಂತರದ್ದು ಇರಬೇಕು. ಇಂಟೆಲ್ ಬದಲು ಎಎಂಡಿ ಕಂಪನಿಯ ರೈಝೆನ್ ಪ್ರೊಸೆಸರ್ ಆದರೆ 3000 ಸರಣಿ ಅಥವಾ ಅದರ ನಂತರದ್ದು ನೋಡಿ.

ಇಲ್ಲೊಂದು ಮೋಸದ ಗುಂಡಿ ಇದೆ. ಆರನೇ ತಲೆಮಾರಿನ ಲ್ಯಾಪ್‌ಟಾಪ್‌ಗೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಬಹುದು. ಹಾಕಿ, "ಇಲೆವೆನ್ ಉಂಟು ನೋಡಿ" ಅಂತ ಸ್ಕ್ರೀನ್ ತೋರಿಸುತ್ತಾರೆ. ಓಡುತ್ತದೆ, ಸುಳ್ಳಲ್ಲ. ಆದರೆ ದೊಡ್ಡ ಅಪ್‌ಡೇಟ್‌ಗಳು ತಾನಾಗಿ ಬರುವುದಿಲ್ಲ. ಮೈಕ್ರೋಸಾಫ್ಟ್‌ನದೇ 'ಪಿಸಿ ಹೆಲ್ತ್ ಚೆಕ್' ಅನ್ನುವ ಪುಟ್ಟ ಆ್ಯಪ್ ಇದೆ. ಅದನ್ನು ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ.

ಹಾಗಂತ ಹಳೆ ತಲೆಮಾರೆಲ್ಲ ಗುಜರಿಗೆ ಅಂತಲ್ಲ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಲು ತಯಾರಿದ್ದರೆ, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇರುವ ಆರನೇ ತಲೆಮಾರಿನದ್ದು ಇಂಟರ್‌ನೆಟ್ ನೋಡಲು, ಬರೆಯಲು ಚೆನ್ನಾಗಿಯೇ ನಡೆಯುತ್ತದೆ. ಕನ್ನಡ ಟೈಪಿಂಗಿಗೂ ತೊಂದರೆ ಇಲ್ಲ. ಮಂಗಳೂರು ಹತ್ತಿರದ ನಮ್ಮ ಕಿನ್ನಿಕಂಬಳದವರೇ ಆದ ಕೆ. ಪಿ. ರಾವ್ ರೂಪಿಸಿದ ಕಗಪ ಅನ್ನುವ ಕನ್ನಡ ಕೀಲಿಮಣೆ ವಿನ್ಯಾಸ ಲಿನಕ್ಸ್ ಒಳಗೇ ಇದೆ. ಟ್ಯಾಲಿ ಬೇಕಾದವರಿಗೆ ಮಾತ್ರ ಈ ದಾರಿ ಬೇಡ.

ರ‍್ಯಾಮ್ ವಿಷಯ ಚಿಕ್ಕದು. 4 ಜಿಬಿ ಬೇಡ, 8 ಇರಲಿ, 16 ಇದ್ದರೆ ನೆಮ್ಮದಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತ ತೋರಿಸುತ್ತದೆ. ತುಂಬಾ ತೆಳುವಾದ ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಅಂಥದ್ದರಲ್ಲಿ ಈಗ ಇರುವಷ್ಟೇ ಕೊನೆಗೂ.

ಹೆಜ್ಜೆ 3: ಎಲ್ಲಿಂದ ಬಂದದ್ದು?

ನನ್ನ ಅನುಭವದಲ್ಲಿ ಒಳ್ಳೆಯ ಮಾಲು ಮೂರು ದಾರಿಯಲ್ಲಿ ಬರುತ್ತದೆ.

ಮೊದಲನೆಯದು ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪ್. ಡೆಲ್ ಲ್ಯಾಟಿಟ್ಯೂಡ್ 7490, ಲೆನೊವೊ ಥಿಂಕ್‌ಪ್ಯಾಡ್ ಟಿ480, ಎಚ್‌ಪಿ ಎಲೀಟ್‌ಬುಕ್ 840 ಜಿ5, ಇವೆಲ್ಲ 2018ರ ಸುಮಾರಿನ, ಹೆಚ್ಚಾಗಿ ಎಂಟನೇ ತಲೆಮಾರಿನವು. ನೋಡಲು ಸಪ್ಪೆ. ಆದರೆ ಹಿಂಜ್ (ಸ್ಕ್ರೀನಿನ ಕೀಲು) ಗಟ್ಟಿ, ಬಿಚ್ಚಿ ರಿಪೇರಿ ಮಾಡುವುದು ಸುಲಭ, ಬಿಡಿಭಾಗ ಸಿಗುತ್ತದೆ. ಹೆಚ್ಚಿನವು ಎಸಿ ಆಫೀಸಿನಲ್ಲಿ ಬದುಕಿದವು. ಅದೇ ಬೆಲೆಗೆ ಹೊಳೆಯುವ ಪ್ಲಾಸ್ಟಿಕ್ ಲ್ಯಾಪ್‌ಟಾಪ್ ಸಿಕ್ಕಿದರೂ ನಾನು ಇದನ್ನೇ ಆರಿಸುತ್ತೇನೆ. ಆದರೆ ಅಂಗಡಿಯಲ್ಲಿ ಎಷ್ಟು ದಿನದಿಂದ ಇದೆ ಅಂತ ಕೇಳಿ. ಎಸಿ ಇಲ್ಲದ ಗೋಡೌನಿನಲ್ಲಿ ಒಂದು ಮಳೆಗಾಲ ಪ್ಯಾಕ್ ಆಗಿಯೇ ಕೂತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ಮಣಿಪಾಲ, ಸುರತ್ಕಲ್ ಕಡೆ ಕೋರ್ಸ್ ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಗಳು. ಹೊರಡುವ ಗಡಿಬಿಡಿಯಲ್ಲಿ ಬೆಲೆ ಇಳಿಯುತ್ತದೆ. ಬಿಲ್, ಡಬ್ಬಿ ಎರಡೂ ಇಟ್ಟುಕೊಂಡಿರುತ್ತಾರೆ.

ಮೂರನೆಯದು ಗಲ್ಫ್. ಭಾವನೋ ಚಿಕ್ಕಪ್ಪನೋ ದುಬೈ, ಮಸ್ಕತ್‌ನಿಂದ ತಂದದ್ದು. ಕೀಗಳ ಮೇಲೆ ಅರೇಬಿಕ್ ಅಕ್ಷರ ಇರಬಹುದು, ಅದರಿಂದ ಕೆಲಸಕ್ಕೇನೂ ಅಡ್ಡಿಯಿಲ್ಲ. ಪ್ಲಗ್ ಚೌಕದ ಮೂರು ಪಿನ್ನಿನದ್ದು. ಲ್ಯಾಪ್‌ಟಾಪ್ ಚಾರ್ಜರ್‌ಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತವೆ, ಗೋಡೆಗೆ ಹೋಗುವ ವಯರ್ ಮಾತ್ರ ಬದಲಿಸಿದರೆ ಸಾಕು. ನೆಂಟರ ಮಾಲನ್ನು ಪರೀಕ್ಷೆ ಮಾಡಲು ಮುಜುಗರ ಆಗುತ್ತದೆ, ಅದೊಂದೇ ಕಷ್ಟ. ಆದರೂ ಮಾಡಿ.

ಹೆಜ್ಜೆ 4: ಹೊರಗಿನಿಂದ ಓದಿ

ಹಗಲು ಹೊತ್ತಿಗೆ ಹೋಗಿ. ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ. ಜೇಬಲ್ಲಿ ಪೆನ್‌ಡ್ರೈವ್, ಇಯರ್‌ಫೋನ್, ಸಣ್ಣ ಟಾರ್ಚ್ ಇರಲಿ.

ಮೊದಲು ತಿರುಗಿಸಿ ತಳದ ಸ್ಕ್ರೂ ನೋಡಿ. ಸ್ಕ್ರೂ ತಲೆಯಲ್ಲಿ ಕಂದು ತುಕ್ಕು ಇದ್ದರೆ ಇದು ತೇವದಲ್ಲಿ ಬದುಕಿದೆ ಅಂತ ಅರ್ಥ. ಒಂದೆರಡು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚುವುದು ತಪ್ಪಲ್ಲ, ಆದರೆ ಯಾಕೆ ಅಂತ ಕೇಳಿ.

ಆಮೇಲೆ ಟಾರ್ಚ್ ಹಿಡಿದು ಪೋರ್ಟ್‌ಗಳ ಒಳಗೆ ನೋಡಿ. ಯುಎಸ್‌ಬಿ ಒಳಗಿನ ಪಟ್ಟಿಗಳು ಚಿನ್ನದ ಬಣ್ಣದಲ್ಲಿ ಹೊಳೆಯಬೇಕು. ಮಂಕಾಗಿದ್ದರೆ ಅನುಮಾನ, ಹಸಿರಾಗಿದ್ದರೆ ಅಲ್ಲಿಗೇ ನಮಸ್ಕಾರ ಹೇಳಿ ಹೊರಡಿ. ಮೀನು ಮಾರ್ಕೆಟ್‌ನಲ್ಲಿ ನಾವು ಬಂಗುಡೆಯ ಕಿವಿರು ಎತ್ತಿ ನೋಡುವುದಿಲ್ಲವಾ? ಲ್ಯಾಪ್‌ಟಾಪ್‌ನ ಕಿವಿರು ಫ್ಯಾನ್ ಗಾಳಿ ಹೊರಬರುವ ಜಾಲರಿ. ಅಲ್ಲಿಯ ಲೋಹದ ರೆಕ್ಕೆಗಳು ಕೆಂಪು ಮಿಶ್ರಿತ ಕಂದು ಅಥವಾ ಬೆಳ್ಳಿ ಬಣ್ಣದಲ್ಲಿರಬೇಕು. ಬಿಳಿ ಪುಡಿ, ಹಸಿರು ಕಲೆ ಇದ್ದರೆ ಬೋರ್ಡಿನ ಕಥೆಯೂ ಅದೇ. ಮೂಗು ಹತ್ತಿರ ತಂದು ವಾಸನೆಯನ್ನೂ ನೋಡಿ. ಮಳೆಗಾಲದಲ್ಲಿ ಮುಚ್ಚಿಟ್ಟ ಕಪಾಟಿನ ವಾಸನೆ ಬಂದರೆ ಸುಳ್ಳು ಹೇಳುವುದಿಲ್ಲ ಅದು.

ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆ ಒತ್ತಿ. ಅಲ್ಲಾಡಿದರೆ, ಅಥವಾ ಟಚ್‌ಪ್ಯಾಡ್ ಮೇಲೆ ಉಬ್ಬಿ ಕ್ಲಿಕ್ ಆಗದೆ ಬಿಗಿಯಾಗಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಊದಿದ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯುವಂಥದ್ದು. ಒತ್ತಿ ನೋಡಲು, ಚುಚ್ಚಲು ಹೋಗಬೇಡಿ.

ಸ್ಕ್ರೀನನ್ನು ಒಂದು ಕೈಯಿಂದ ತೆರೆದು ಮುಚ್ಚಿ. ಹಿಂಜ್ ಹತ್ತಿರ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ, ಕರಕರ ಸದ್ದು ಬಂದರೆ, ಅದು ಇವತ್ತಲ್ಲ ನಾಳೆ ಮುರಿಯುತ್ತದೆ.

ಹೆಜ್ಜೆ 5: ತಣ್ಣಗಿರುವಾಗ ಆನ್ ಮಾಡಿ

ನೀವು ಹೋಗುವಾಗಲೇ ಲ್ಯಾಪ್‌ಟಾಪ್ ಆನ್ ಆಗಿ ಬೆಚ್ಚಗೆ ಕೂತಿದ್ದರೆ ಆಫ್ ಮಾಡಿಸಿ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೆ ಪೂರ್ತಿ ಆಫ್ ಆಗುತ್ತದೆ. ಚಹಾ ಕುಡಿದು ಬಂದು ಮತ್ತೆ ಆನ್ ಮಾಡಿ. ತೇವ ತಿಂದ ಕೆಲವು ಬೋರ್ಡ್‌ಗಳು ಬಿಸಿಯಾದ ಮೇಲೆ ಸರಿಯಾಗಿಯೇ ಇರುತ್ತವೆ, ತಣ್ಣಗಿದ್ದಾಗ ಹಟ ಮಾಡುತ್ತವೆ.

ಆನ್ ಆಗುವಾಗಲೇ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಹೋಗಿ. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಪಾಸ್‌ವರ್ಡ್ ಕೇಳಿದರೆ, ಮಾರುವವರಿಗೂ ಅದು ಗೊತ್ತಿಲ್ಲದಿದ್ದರೆ, ಕೊಳ್ಳಬೇಡಿ. ಆಫೀಸ್ ಮಾದರಿಗಳಲ್ಲಿ ಈ ಬೀಗ ತೆಗೆಯುವುದು ಸುಲಭದ ಕೆಲಸವಲ್ಲ. ಅಲ್ಲಿ ಕಾಣುವ ಸೀರಿಯಲ್ ನಂಬರೂ ತಳದ ಸ್ಟಿಕ್ಕರಿನ ನಂಬರೂ ಒಂದೇ ಇದೆಯಾ ನೋಡಿ. ಬೇರೆಯಾಗಿದ್ದರೆ ಬೋರ್ಡೋ ಕವಚವೋ ಬದಲಾಗಿದೆ.

ಡೆಲ್ ಆನ್ ಆಗುವಾಗ ಚಾರ್ಜರ್ ಗುರುತು ಸಿಗಲಿಲ್ಲ ಅಂತ ಸಂದೇಶ ಬಂದರೆ ಅಲಕ್ಷ್ಯ ಮಾಡಬೇಡಿ. ಡೂಪ್ಲಿಕೇಟ್ ಚಾರ್ಜರ್ ಇರಬಹುದು, ಇಲ್ಲವೇ ಪಿನ್ ಹೋಗಿರಬಹುದು. ಆ ಸ್ಥಿತಿಯಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಲ್ಯಾಪ್‌ಟಾಪ್ ನಿಧಾನವೂ ಆಗುತ್ತದೆ.

ಲೋಹದ ಮೈ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಕೆಲವರು ಹೆದರಿ ಬಿಟ್ಟು ಬರುತ್ತಾರೆ. ಅದು ಹೆಚ್ಚಾಗಿ ಅರ್ಥಿಂಗ್ ಇಲ್ಲದ ಸಾಕೆಟ್ಟಿನ ತಪ್ಪು. ಮೂರು ಪಿನ್ನಿನ, ಅರ್ಥಿಂಗ್ ಇರುವ ಬೇರೆ ಸಾಕೆಟ್‌ಗೆ ಹಾಕಿ ನೋಡಿ. ಅಲ್ಲೂ ಹಾಗೇ ಆದರೆ ಚಾರ್ಜರ್ ಅನುಮಾನ.

ಹೆಜ್ಜೆ 6: ಬ್ಯಾಟರಿ ಮತ್ತು ಡಿಸ್ಕ್, ಅಂಕಿ ಹೇಳಲಿ

ಕಮಾಂಡ್ ಪ್ರಾಂಪ್ಟ್ ತೆರೆಯಿರಿ. 'ಪವರ್' ಅಂತ ಇಂಗ್ಲಿಷಿನಲ್ಲಿ ಬರೆದು, ಅದಕ್ಕೇ ಅಂಟಿಸಿ ಸಿ, ಎಫ್, ಜಿ ಮೂರು ಅಕ್ಷರ ಹಾಕಿ. ಒಂದು ಸ್ಪೇಸ್, ಒಂದು ಓರೆಗೆರೆ, ಆಮೇಲೆ ಬ್ಯಾಟರಿ ರಿಪೋರ್ಟ್ ಅನ್ನುವ ಎರಡು ಪದ ಜೋಡಿಸಿ ಬರೆದು (powercfg /batteryreport) ಎಂಟರ್ ಕೊಡಿ. ವರದಿ ಯಾವ ಫೋಲ್ಡರಿನಲ್ಲಿದೆ ಅಂತ ಅದೇ ಹೇಳುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ಎರಡು ಅಂಕಿ ಕಾಣುತ್ತವೆ. ಒಂದು ಹೊಸದಿದ್ದಾಗಿನ ಸಾಮರ್ಥ್ಯ, ಇನ್ನೊಂದು ಈಗ ಪೂರ್ತಿ ತುಂಬಿದರೆ ಸಿಗುವುದು. ಹೊಸದಿದ್ದಾಗ 50,000 ಇದ್ದು ಈಗ 31,000 ಅಂದರೆ ಶೇಕಡ 62 ಉಳಿದಿದೆ. ನಾನು 60ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಗೆ ಸೇರಿಸಿಯೇ ಯೋಚಿಸುತ್ತೇನೆ. ಮಳೆ ಗಾಳಿಗೆ ಕರೆಂಟ್ ಹೋಗುವ ಊರಲ್ಲಿ ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್‌ನಿಂದ ಏನು ಪ್ರಯೋಜನ? ಟಿ480ರಲ್ಲಿ ಒಳಗೊಂದು ಹೊರಗೊಂದು ಎರಡು ಬ್ಯಾಟರಿ ಇರುತ್ತವೆ, ಎರಡನ್ನೂ ನೋಡಿ.

ಡಿಸ್ಕ್‌ಗೆ 'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಅನ್ನುವ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಎಸ್‌ಎಸ್‌ಡಿಯ ಆರೋಗ್ಯ ಶೇಕಡಾವಾರು ತೋರಿಸುತ್ತದೆ, ಎಷ್ಟು ಗಂಟೆ ಓಡಿದೆ ಅಂತಲೂ ಹೇಳುತ್ತದೆ. "ಸ್ವಲ್ಪವೇ ಬಳಸಿದ್ದು" ಅಂದವರ ಲ್ಯಾಪ್‌ಟಾಪ್ 18,000 ಗಂಟೆ ತೋರಿಸಿದರೆ ನೀವೇ ಲೆಕ್ಕ ಹಾಕಿ. ದಿನಕ್ಕೆ ಹತ್ತು ಗಂಟೆಯಂತೆ ಐದು ವರ್ಷ ಆಯಿತು. ಡಿಸ್ಕ್ ಮಾತ್ರ ಬೇರೆ ಕಡೆಯಿಂದ ತಂದು ಹಾಕಿದ್ದೂ ಇರಬಹುದು ಅನ್ನುವುದು ನೆನಪಿರಲಿ. ಹಳೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಎಸ್‌ಎಸ್‌ಡಿಯ ಖರ್ಚು ಸೇರಿಸಿಕೊಳ್ಳಿ. ಅದಿಲ್ಲದೆ ವಿಂಡೋಸ್ 11 ಎತ್ತಿನಗಾಡಿ.

ಹೆಜ್ಜೆ 7: ಕಣ್ಣು, ಕಿವಿ, ಬೆರಳು

ನೋಟ್‌ಪ್ಯಾಡ್ ತೆರೆದು ಪ್ರತಿಯೊಂದು ಕೀ ಒತ್ತಿ. ಒಂದನ್ನೂ ಬಿಡಬೇಡಿ. ಸ್ಕ್ರೀನ್ ಪೂರ್ತಿ ಬಿಳಿ ಮಾಡಿ ಕಲೆ, ಹಳದಿ ಮಬ್ಬು ಹುಡುಕಿ, ಆಮೇಲೆ ಪೂರ್ತಿ ಕಪ್ಪು ಮಾಡಿ. ಕ್ಯಾಮೆರಾ, ಮೈಕ್, ಎರಡೂ ಸ್ಪೀಕರ್, ಎಲ್ಲ ಯುಎಸ್‌ಬಿ. ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್‌ಗೆ ವೈಫೈ ಸೇರಿಸಿ ಹತ್ತು ಹೆಜ್ಜೆ ದೂರ ಹೋಗಿ. ಲ್ಯಾನ್ ಪೋರ್ಟ್ ಇದ್ದರೆ ಅದನ್ನೂ ನೋಡಿ. ನಮ್ಮ ಸಿಡಿಲಿಗೆ ಮೊದಲು ಬಲಿಯಾಗುವುದರಲ್ಲಿ ಅದೂ ಒಂದು.

ಕೊನೆಗೆ ನಾಲ್ಕೈದು ಟ್ಯಾಬ್‌ನಲ್ಲಿ ಯೂಟ್ಯೂಬ್ ವಿಡಿಯೋ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಎಸಿ ಅಂಗಡಿಯಲ್ಲಿ ಈ ಪರೀಕ್ಷೆ ಸುಲಭವಾಗಿ ಪಾಸ್ ಆಗುತ್ತದೆ. ಸಾಧ್ಯವಾದರೆ ಫ್ಯಾನ್ ಗಾಳಿಯೂ ಇಲ್ಲದ ಕಡೆ, ನಮ್ಮ ಸೆಕೆಯಲ್ಲೇ ಮಾಡಿ. ಫ್ಯಾನ್ ಕಿರುಚಿದರೆ, ತಾನಾಗಿ ಆಫ್ ಆದರೆ, ಕಾರಣ ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದೂ ಇರಬಹುದು. ಅದು ಸಣ್ಣ ರಿಪೇರಿ. ಆದರೆ ಮಾರುವವರೇ ಮಾಡಿಸಿ ಕೊಡಲಿ, ಆಮೇಲೆ ಮತ್ತೊಮ್ಮೆ ನೋಡೋಣ ಅನ್ನಿ.

ಹೆಜ್ಜೆ 8: ಬೀಗ ಮತ್ತು ಬಿಲ್

ಕಂಪನಿ ಲ್ಯಾಪ್‌ಟಾಪ್‌ಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಬೀಗ ಇರುತ್ತದೆ. ವಿಂಡೋಸ್ ರೀಸೆಟ್ ಮಾಡಿ ಇಂಟರ್‌ನೆಟ್‌ಗೆ ಸೇರಿಸಿದ ತಕ್ಷಣ ಯಾವುದೋ ಕಂಪನಿಯ ಹೆಸರು, ಲಾಗಿನ್ ಪುಟ ಬರುತ್ತದೆ. ಅಂದರೆ ಆ ಕಂಪನಿ ತನ್ನ ಪಟ್ಟಿಯಿಂದ ಅದನ್ನು ತೆಗೆದಿಲ್ಲ. ಹಾಗಾಗಿ ನಿಮ್ಮೆದುರೇ ರೀಸೆಟ್ ಮಾಡಿಸಿ, ನಿಮ್ಮ ಹಾಟ್‌ಸ್ಪಾಟ್ ಕೊಟ್ಟು, ಮೊದಲ ಪುಟಗಳನ್ನು ದಾಟುವವರೆಗೆ ಕಾಯಿರಿ. ಸಮಯ ಹಿಡಿಯುತ್ತದೆ. ಹಿಡಿಯಲಿ.

ಮ್ಯಾಕ್‌ಬುಕ್ ಆದರೆ ಹಳೆಯ ಮಾಲೀಕರು 'ಫೈಂಡ್ ಮೈ' ಅನ್ನುವ ಆ್ಯಪಲ್‌ನ ಬೀಗ ತೆಗೆದಿರಲೇಬೇಕು. ನನ್ನನ್ನು ಕೇಳಿದರೆ ಹಳೆ ಇಂಟೆಲ್ ಮ್ಯಾಕ್ ಈಗ ಬೇಡ. 2017ರ ಮ್ಯಾಕ್‌ಬುಕ್ ಏರ್ ಮ್ಯಾಕ್‌ಒಎಸ್‌ನ ಮಾಂಟೆರೆ ಆವೃತ್ತಿಗೇ ನಿಂತುಬಿಟ್ಟಿದೆ. 2020ರ ಕೊನೆಗೆ ಬಂದ, ಆ್ಯಪಲ್‌ನದೇ ಎಂ1 ಚಿಪ್ ಇರುವುದು ಅಥವಾ ಅದರ ನಂತರದ್ದಾದರೆ ಮಾತ್ರ ನೋಡಿ.

ಬಿಲ್ ಇಲ್ಲದಿದ್ದರೆ ಮಾರುವವರ ಗುರುತಿನ ಚೀಟಿಯ ಪ್ರತಿ, ಸೀರಿಯಲ್ ನಂಬರ್ ಬರೆದ ಒಂದು ಚೀಟಿ, ಸಹಿ, ಇಷ್ಟಾದರೂ ಇರಲಿ. ಹಣ ಯುಪಿಐಯಲ್ಲಿ ಕೊಡಿ, ದಾಖಲೆ ಉಳಿಯುತ್ತದೆ. ಕದ್ದ ಮಾಲು ಅಂತ ನಂಬಲು ಕಾರಣ ಇದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಕೊಂಡವರ ಮೇಲೂ ಕೇಸು ಬೀಳಬಹುದು. ಅರ್ಧ ಬೆಲೆಗೆ, ಚಾರ್ಜರ್ ಇಲ್ಲದೆ, ಬಸ್‌ಸ್ಟ್ಯಾಂಡಿನಲ್ಲಿ ಕೊಡುತ್ತೇನೆ ಅಂದರೆ ಅದೇ ಕಾರಣ ಸಾಕು. ಅಂಗಡಿಯವರ ವಾರಂಟಿಯನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬಾಯಿಮಾತಿನ "ಏನಾದ್ರೂ ಆದ್ರೆ ತನ್ನಿ, ನೋಡುವ" ಅನ್ನುವುದು ನನಗೆ ಜುಲೈಯಲ್ಲಿ ಉಪಯೋಗಕ್ಕೆ ಬರಲಿಲ್ಲ.

ಹೆಜ್ಜೆ 9: ವರ್ಷಕ್ಕೆ ಎಷ್ಟು ಬಿತ್ತು?

ಎಲ್ಲ ಸರಿ ಅನಿಸಿದರೆ ಈಗ ಲೆಕ್ಕ. ಲೆಕ್ಕಕ್ಕಾಗಿ ಕೆಲವು ಅಂಕಿ ಹಿಡಿಯೋಣ. ಹೇಳುವ ಬೆಲೆ 16,000 ರೂಪಾಯಿ. ಬ್ಯಾಟರಿಗೆ 3,000, ಒಳ್ಳೆಯ ಚಾರ್ಜರ್‌ಗೆ 1,200. ಒಟ್ಟು 20,200. ಇನ್ನು ಮೂರು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 6,700 ಬಿತ್ತು. ಅದೇ ಕೆಲಸಕ್ಕೆ 38,000 ಕೊಟ್ಟು ಹೊಸದು ತಂದು ಆರು ವರ್ಷ ಬಳಸಿದರೆ ವರ್ಷಕ್ಕೆ ಸುಮಾರು 6,300. ಅಂದರೆ ಈ ಹಳೆಯದೇ ದುಬಾರಿ! ಇದನ್ನೇ 12,000ಕ್ಕೆ ಇಳಿಸಿದರೆ ಒಟ್ಟು 16,200, ವರ್ಷಕ್ಕೆ 5,400. ಈಗ ಮಾತಾಡಬಹುದು.

ಈ ಭಾಗಾಕಾರ ಮಾಡದೆ ಕೊಳ್ಳುವವರೇ ಜಾಸ್ತಿ. ಬ್ಯಾಟರಿ, ರ‍್ಯಾಮ್, ಎಸ್‌ಎಸ್‌ಡಿ ಬೆಲೆ ಏರಿಳಿಯುತ್ತಾ ಇರುತ್ತದೆ, ಹೊರಡುವ ಮುಂಚೆಯೇ ಆವತ್ತಿನ ದರ ಕೇಳಿಟ್ಟುಕೊಳ್ಳಿ. ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೆ ನನ್ನ ಅಳತೆ ಹೀಗಿದೆ. ಎಂಟನೇ ತಲೆಮಾರು, ಸ್ಕ್ರೂ ಸ್ವಚ್ಛ, ಎಸಿ ಕೋಣೆಯಿಂದ ಬಂದದ್ದು ಅಂದರೆ ಮೂರು ವರ್ಷ. ಹತ್ತು, ಹನ್ನೊಂದನೆಯದಾದರೆ ನಾಲ್ಕು. ಉಳ್ಳಾಲ, ಪಣಂಬೂರು, ಮಲ್ಪೆಯಂಥ ಕಡಲ ಬದಿಯಲ್ಲಿ ಕಿಟಕಿ ತೆರೆದ ಮನೆಯಲ್ಲಿ ಇದ್ದದ್ದಾದರೆ, ಏನೂ ತೊಂದರೆ ಕಾಣದಿದ್ದರೂ ಒಂದು ವರ್ಷ ಕಡಿಮೆ ಮಾಡಿ. ಕಿಲುಬು ಕಂಡರೆ ಲೆಕ್ಕವೇ ಬೇಡ.

ಚೌಕಾಸಿ ಮಾಡುವಾಗ "ಸ್ವಲ್ಪ ಕಡಿಮೆ ಮಾಡಿ" ಅನ್ನುವ ಬದಲು ಬ್ಯಾಟರಿ ವರದಿಯನ್ನು ಮೇಜಿನ ಮೇಲಿಡಿ. ಶೇಕಡ 62ಕ್ಕೆ ವಾದ ಮಾಡುವವರು ಕಡಿಮೆ.

ತಂದ ಮೇಲೆ

ಮೊದಲ ಸಂಜೆಯೇ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಅಥವಾ ಲಿನಕ್ಸ್ ಹಾಕಿ. ಹಳೆಯವರು ಏನೇನು ಬಿಟ್ಟು ಹೋಗಿದ್ದಾರೋ ಯಾರಿಗೆ ಗೊತ್ತು. ವಾರಂಟಿ ಇರುವಷ್ಟು ದಿನ ಸುಮ್ನೆ ಇಡಬೇಡಿ, ಚೆನ್ನಾಗಿ ದುಡಿಸಿ. ತೊಂದರೆ ಬರುವುದಾದರೆ ಆಗಲೇ ಬರಲಿ.

ಜೂನ್ ಬಂದ ಮೇಲೆ ದಿನಕ್ಕೆ ಅರ್ಧ ಗಂಟೆಯಾದರೂ ಆನ್ ಮಾಡಿ. ಅದರ ಬಿಸಿಯೇ ಒಳಗಿನ ತೇವ ಒಣಗಿಸುತ್ತದೆ. ನೆನೆದ ಬ್ಯಾಗಿನಲ್ಲಿ ಇಡೀ ರಾತ್ರಿ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬ್ಯಾಗಿನಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಹಳೆ ಪೊಟ್ಟಣಗಳು ಅಷ್ಟರಲ್ಲೇ ತೇವ ಕುಡಿದು ಮುಗಿಸಿರುತ್ತವೆ. ಬಣ್ಣ ಬದಲಾಗುವ ಜಾತಿಯದ್ದು ಕೊಂಡರೆ ಯಾವಾಗ ಬದಲಿಸಬೇಕು ಅಂತ ಅದೇ ತೋರಿಸುತ್ತದೆ. ನಮ್ಮ ಮನೆಯಲ್ಲಿ ಜುಲೈ ತಿಂಗಳಲ್ಲಿ ವಾರಕ್ಕೊಮ್ಮೆ ಬದಲಿಸುತ್ತೇವೆ.